ವಾಪಸ್ ಮೇಡಂ

ಮ್ಯಾನೇಜರು ತರಿಸಿಟ್ಟ ಕಾಫಿಯನ್ನು ಅವನು ಮುಟ್ಟಲಿಲ್ಲ. ಮುಟ್ಟುವುದಿಲ್ಲವೆಂದು ಮ್ಯಾನೇಜರಿಗೂ ಗೊತ್ತಿತ್ತು. ಆದರೂ ಬಂದಾಗಲೆಲ್ಲ ತರಿಸುತ್ತಿದ್ದ, ಅದು ಕೆನೆಗಟ್ಟುವುದನ್ನು ಇಬ್ಬರೂ ನೋಡುತ್ತ ಕೂತಿರುತ್ತಿದ್ದರು. ಅಳತೆ-ತೂಕದ ಇಲಾಖೆಯ ಇನ್‌ಸ್ಪೆಕ್ಟರನಾಗಿ ಇಷ್ಟು ವರ್ಷದಲ್ಲಿ ಯಾವ ಅಂಗಡಿಯಲ್ಲೂ ಒಂದು ಲೋಟ ನೀರು ಕುಡಿಯದವನು ತಾನು ಎಂಬುದು ಬೆಳಿಗ್ಗೆ ಎದ್ದ ಕೂಡಲೇ ಅವನಿಗೆ ನೆನಪಾಗುವ ಸಂಗತಿಗಳಲ್ಲಿ ಒಂದು. ಕಾಲ ಬಳಿ ಹಿತ್ತಾಳೆಯ ತೂಕದ ಬಟ್ಟುಗಳಿದ್ದ ಮರದ ಪೆಟ್ಟಿಗೆ ಇತ್ತು. ಕೆಳಗಡೆ ತರಕಾರಿ ವಿಭಾಗದ ತಕ್ಕಡಿಗಳ ಮೇಲೆ ಆ ಬಟ್ಟುಗಳನ್ನು ಒಂದೊಂದಾಗಿ ಇಟ್ಟು ನೋಡಿ, ಎಲ್ಲ ಸರಿಯಿವೆಯೆಂದು ಮುದ್ರೆ ಒತ್ತಿ ಈಗಷ್ಟೇ ಮೇಲೆ ಬಂದಿದ್ದ. ಸರಿಯಿದ್ದದ್ದೇ ಅವನಿಗೆ ಸ್ವಲ್ಪ ಬೇಸರ. ಮ್ಯಾನೇಜರಿನ ಬೆರಳಿನ ದಪ್ಪ ಉಂಗುರ, ಮೇಜಿನ ಮೇಲಿನ ಎರಡೆರಡು ಫೋನು, ಹೊರಗಿನಿಂದ ತರಿಸಿ ಅರ್ಧಕ್ಕೇ ಬಿಟ್ಟ ಊಟದ ಡಬ್ಬಿ, ಇಷ್ಟೆಲ್ಲ ಕಣ್ಣಿಗೆ ಬಿದ್ದ ಮೇಲೆ ತಕ್ಕಡಿಯಲ್ಲಿ ಏನಾದರೊಂದು ಸಿಗಬೇಕಿತ್ತು. ಸಂಬಳ ಬಂದ ವಾರದಲ್ಲೇ ಕೈ ಖಾಲಿ ಮಾಡಿಕೊಂಡು ಉಳಿದ ದಿನ ಹಲ್ಲು ಗಿಂಜುತ್ತ ಓಡಾಡುವ ಪೈಕಿ ಇವನೂ, ಎಂದುಕೊಂಡ. ಇಂಥವರನ್ನು ಕಂಡರೆ ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಸಿಟ್ಟಿಗೂ ಒಂದು ಖರ್ಚಿದೆ. ಬರುತ್ತಿದ್ದದ್ದು ತಣ್ಣಗಿನ ತಾತ್ಸಾರ, ಅದಕ್ಕೆ ಕೈಯಿಂದ ಏನೂ ಹಾಕಬೇಕಾಗಿಲ್ಲ.

ಅದೇ ತಾತ್ಸಾರದಲ್ಲಿ ಬೆಳಿಗ್ಗೆ ಆಫೀಸಿನಲ್ಲಿ ಅವನು ತನ್ನ ಎಡಗಾಲಿನ ಬೂಟನ್ನು ಎಲ್ಲರಿಗೂ ತೋರಿಸಿದ್ದ. ಅಟ್ಟೆ ಬಾಯಿಬಿಟ್ಟಿದ್ದ ಬೂಟು. ಮೂಲೆಯ ಮೋಚಿ ಹೇಳಿದ ರೇಟು ಕೇಳಿ ಅವನ ಮುಖಕ್ಕೇ ನಕ್ಕು ಬೂಟನ್ನು ಮನೆಗೆ ತಂದಿದ್ದ. ಹೆಂಡತಿ ದಬ್ಬಳ ಹಿಡಿದು ಕೂತು, ಮನೆಯಲ್ಲಿದ್ದ ಕಂದು ದಾರದಿಂದಲೇ ಹೊಲಿದು, ಕಪ್ಪು ಬೂಟಿಗೆ ಕಂದು ಎದ್ದು ಕಾಣುತ್ತದೆಂದು ಅದರ ಮೇಲೆ ಇಂಕು ಸವರಿದ್ದಳು. ಇಂಕು ಎಲ್ಲಿ ನಿಲ್ಲುತ್ತದೆ? ಒಂದು ಬದಿಗೆ ಕಂದು ಹಾಗೇ ಉಳಿದು, ಬೂಟು ಯಾವಾಗಲೂ ಸೊಟ್ಟಗೆ ನಗುತ್ತಿರುವ ಹಾಗೆ ಕಾಣುತ್ತಿತ್ತು. ಕೊಡುವಾಗ ಅವಳು, "ಇದು ಹಾಕ್ಕೊಂಡು ಕುಕ್ಕರಗಾಲಲ್ಲಿ ಮಾತ್ರ ಕೂರಬೇಡಿ. ಬೆರಳ ಹತ್ರ ಬಗ್ಗಿದ್ರೆ ಹೊಲಿಗೆ ತಡಿಯಲ್ಲ" ಎಂದಿದ್ದಳು. ಅವನು ಹೂಂಗುಟ್ಟಿದ್ದ. ಸೆಕ್ಷನ್ ಹೆಡ್ಡು ಬೂಟನ್ನು ಬಗ್ಗಿ ನೋಡಿ, "ನಿಮ್ಮ ಮನೆಯವ್ರು ಆಪರೇಷನ್ ಥಿಯೇಟರಲ್ಲಿರ್ಬೇಕಿತ್ತು ಕಣ್ರೀ" ಎಂದಾಗ ಎಲ್ಲರೂ ನಕ್ಕರು, ಟೈಪಿಸ್ಟು ಮಾತ್ರ ನಗದೆ ಅವನ ಮುಖ ನೋಡಿದಳು. ಅವಳ ಆ ನೋಟ ಬಸ್ಸಿನ ದಾರಿಯುದ್ದಕ್ಕೂ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಚೂರಿನ ಹಾಗೆ ಕಾಡಿತು. ಕನಿಕರವೋ? ಅವಳಿಗೆ ತನ್ನ ಮೇಲೆ ಕನಿಕರವೋ? ಕಂತಿನಲ್ಲಿ ಕೊಂಡ ಕಾರಿಗೆ ಪೆಟ್ರೋಲು ಹಾಕಿಸಲು ಪರದಾಡುವ ಸೆಕ್ಷನ್ ಹೆಡ್ಡಿನ ಮೇಲೆ ಯಾರೂ ಕನಿಕರ ತೋರುವುದಿಲ್ಲ. ಯಾರಿಗೂ ಒಂದು ಪೈಸೆ ಬಾಕಿಯಿಲ್ಲದ ತನ್ನ ಬೂಟಿನ ಮೇಲೆ ಕನಿಕರ! ಬೀರುವಿನಲ್ಲಿ ಸಾಲಾಗಿ ಇಟ್ಟ ತನ್ನ ಡಬ್ಬಿಗಳನ್ನು ಇವರಿಗೆಲ್ಲ ಕರೆದೊಯ್ದು ತೋರಿಸಬೇಕು ಅನ್ನಿಸಿತು. ಬಾಡಿಗೆಯದೊಂದು, ಊಟದ್ದೊಂದು, ಕಾಯಿಲೆಯದೊಂದು, ಹೆಸರಿಡದ ಕೊನೆಯದೊಂದು. ತಿಂಗಳ ಮೊದಲ ದಿನ ಅವನು ಡಬ್ಬಿ ತುಂಬುತ್ತಾನೆ, ಹೆಂಡತಿ ಪಕ್ಕದಲ್ಲಿ ನಿಂತಿರುತ್ತಾಳೆ. ಬಸ್ ಚಾರ್ಜಿಗೆಂದು ಅವಳ ಕೈಗೆ ಒಂದಿಷ್ಟು ಕೊಟ್ಟಾಗ ಅವಳು ಎಣಿಸದೆ ಪರ್ಸಿಗೆ ಹಾಕಿಕೊಳ್ಳುತ್ತಾಳೆ. ಎಣಿಸದಿರುವುದು ನಂಬಿಕೆ ಎಂದು ಅವನು ತಿಳಿದಿದ್ದ.

"ತಮಾಷೆ ಕೇಳಿ ಸಾರ್" ಎಂದ ಮ್ಯಾನೇಜರು, ಮಾತಿಗೆ ಏನೂ ಸಿಗದೆ. "ನಮ್ಮಲ್ಲಿ ಒಬ್ರು ಗಿರಾಕಿ ಬರ್ತಾರೆ. ಗಿರಾಕಿ ಅನ್ನೋ ಹಾಗೂ ಇಲ್ಲ. ಹುಡುಗ್ರು ವಾಪಸ್ ಮೇಡಂ ಅಂತ ಹೆಸರಿಟ್ಟಿದಾರೆ. ಬುಧವಾರ ಬುಧವಾರ ತಪ್ಪಿಸಲ್ಲ. ತಳ್ಳೋ ಗಾಡಿ ತಗೊಂಡು ಮೂರು ಮಹಡೀನೂ ಸುತ್ತಿ ಗಾಡಿ ತುಂಬಾ ಸಾಮಾನು ಹೇರ್ಕೋತಾರೆ. ಆಮೇಲೆ ಒಂದೊಂದೇ ತೆಗೆದು ವಾಪಸ್ ಇಟ್ಟು, ಕೈ ಬೀಸ್ಕೊಂಡು ಹೊರಟುಹೋಗ್ತಾರೆ. ಒಂದು ಸಲವೂ ಒಂದು ಬೆಂಕಿಪೊಟ್ಟಣ ಕೊಂಡಿಲ್ಲ."

ಅವನು ನಕ್ಕ. ಅಪರೂಪಕ್ಕೆ ಮನಸ್ಸು ಬಿಚ್ಚಿ ನಕ್ಕ. "ಕೆಲಸ ಇಲ್ಲದವರು" ಎಂದ. "ಆಸೆಗೆ ಬರ ಇಲ್ಲ, ಕೈಯಲ್ಲಿ ಕಾಸಿಲ್ಲ. ಇಂಥವ್ರನ್ನ ಒಳಗೆ ಬಿಡೋದೇ ತಪ್ಪು."

"ಅದೇ ಸಾರ್. ಆದ್ರೆ ಒಂದು ವಿಷ್ಯ. ತೆಗೆದ ಸಾಮಾನು ತೆಗೆದ ಜಾಗದಲ್ಲೇ ಇಡ್ತಾರೆ. ಅಂಚಿಗೆ ಅಂಚು ಕೂಡಿಸಿ. ನಮ್ಮ ಹುಡುಗ್ರಿಗೇ ಅಷ್ಟು ನೀಟಾಗಿ ಜೋಡ್ಸಕ್ಕೆ ಬರಲ್ಲ."

ನಗು ಅವನ ಮುಖದ ಮೇಲೇ ಸ್ವಲ್ಪ ಹೊತ್ತು ಉಳಿಯಿತು, ಇಳಿಸುವುದು ಮರೆತ ಹಾಗೆ. ತೆಗೆದ ಜಾಗದಲ್ಲೇ, ಅಂಚಿಗೆ ಅಂಚು. ಅದು ಅವನದೇ ಕಾನೂನು. ಮದುವೆಯಾದ ಹೊಸತರಲ್ಲಿ, ಒಂದೇ ಕೋಣೆಯ ಮನೆಯಲ್ಲಿ ಭಾನುವಾರ ಕಳೆಯಲು ಬೇರೆ ದಾರಿ ಇರಲಿಲ್ಲ. ಸಿನಿಮಾ ಎಂದರೆ ಟಿಕೆಟ್ಟು, ಪಾರ್ಕು ಎಂದರೆ ಕಡಲೆಕಾಯಿ. ಆಗ ಆಟವನ್ನು ಕಂಡುಹಿಡಿದವನು ಅವನೇ. ದೊಡ್ಡ ಅಂಗಡಿಗೆ ಹೋಗುವುದು, ಕಣ್ಣಿಗೆ ಬೇಕೆನ್ನಿಸಿದ್ದನ್ನೆಲ್ಲ ಗಾಡಿಗೆ ತುಂಬುವುದು, ಮೂಲೆಯಲ್ಲಿ ನಿಂತು ಒಂದೊಂದನ್ನೇ ಎತ್ತಿ ಹಿಡಿದು ಅವನು ಕೇಳುವುದು: ಇದು ನಮಗೆ ಯಾಕೆ ಬೇಕು? ಅವಳು ಬೇಕಾದ ಕಾರಣ ಹೇಳಬೇಕು, ಅವನು ಆ ಕಾರಣವನ್ನು ಮುರಿಯಬೇಕು. ಮುರಿದದ್ದು ತೆಗೆದ ಜಾಗಕ್ಕೇ ವಾಪಸ್ಸು, ಎಷ್ಟು ದೂರವಾದರೂ ನಡೆದುಹೋಗಿ. ಅವನ ಕೈಯಲ್ಲಿ ಮುರಿಯದೆ ಉಳಿದ ಕಾರಣ ಒಂದೂ ಇರಲಿಲ್ಲ. ಗೋಡೆ ಗಡಿಯಾರಕ್ಕೆ, ಕೈಗಡಿಯಾರ ಇದೆಯಲ್ಲ. ದೀಪಕ್ಕೆ, ಕತ್ತಲಾದ ಮೇಲೆ ಓದುವುದು ಏನಿದೆ. ಮೊದಮೊದಲು ಅವಳು ನಗುತ್ತಿದ್ದಳು, ವಾದಕ್ಕೂ ಇಳಿಯುತ್ತಿದ್ದಳು. "ನೀವು ವಕೀಲರಾಗಿದ್ರೆ ಕಕ್ಷಿದಾರರೆಲ್ಲ ಜೈಲಿಗೆ ಹೋಗಿರೋರು" ಎಂದು ಒಮ್ಮೆ ಅಂದಿದ್ದಳು. ಬರಬರುತ್ತ ಅವಳೇ ಕಾರಣವನ್ನೂ ಹೇಳಿ ಅವಳೇ ಮುರಿಯತೊಡಗಿದಳು, ಅವನಿಗಿಂತ ಚುರುಕಾಗಿ. ಆಗ ಅವನಿಗಾದ ಹೆಮ್ಮೆ ಅಷ್ಟಿಷ್ಟಲ್ಲ. ಕಂಡಕಂಡವರಿಗೆ ಹೇಳಿಕೊಂಡ: ನನ್ನ ಹೆಂಡತಿಗೆ ಏನೂ ಬೇಡ. ಅವಳ ಅಣ್ಣ, ಸಾಲದಲ್ಲೂ ಸೆಂಟು ಪೂಸಿಕೊಂಡು ಓಡಾಡುವ ಆಸಾಮಿ, ಒಮ್ಮೆ ತಂಗಿಗೆಂದು ಹೂವಿನ ಚಿತ್ರದ ಭಾರೀ ಹೊದಿಕೆ ತಂದುಕೊಟ್ಟಾಗ ಅವನು ಮರುದಿನವೇ ರಸೀದಿ ಕೇಳಿ ಇಸಕೊಂಡು, ಅಂಗಡಿಗೆ ಮರಳಿಸಿ, ಬಂದ ಹಣವನ್ನು ಕಾಯಿಲೆಯ ಡಬ್ಬಿಗೆ ಹಾಕಿದ್ದ. ಅಣ್ಣ ಅದಾದ ಮೇಲೆ ಈ ಕಡೆ ತಲೆಹಾಕಲಿಲ್ಲ. ಅವಳು ಹಳೆಯ ಹೊದಿಕೆಯ ಹರಿದ ಅಂಚನ್ನು ಮಡಚಿ ಹೊಲಿದಳು. ಅಷ್ಟೇ ಅಲ್ಲ, ಅವತ್ತಿನಿಂದ ಮನೆಗೆ ಬಂದ ಯಾವ ವಸ್ತುವಾದರೂ ಹೊಸ್ತಿಲಲ್ಲೇ ಉತ್ತರ ಹೇಳಬೇಕು ಎಂದಾಯಿತು: ಯಾಕೆ ಬಂತು, ಕಡಿಮೆಗೆ ಬಂದಿದ್ದರೆ ಯಾಕೆ ಕಡಿಮೆಗೆ ಬಂತು. ಅವನನ್ನು ಈ ಭಾಗದ ಅಂಗಡಿಗಳಿಗೆ ಹಾಕಿದ ಮೇಲೆ ಆಟ ನಿಂತಿತು. ತಪಾಸಣೆಗೆ ಬರುವವನು ಖಾಲಿ ಗಾಡಿ ತಳ್ಳಿಕೊಂಡು ತಿರುಗಿದರೆ ಮರ್ಯಾದೆಯೇ? ಇನ್ನು ಬೇಡ ಎಂದಾಗ ಅವಳು ಆಗಲಿ ಎಂದಿದ್ದಳು. ಅಲ್ಲಿಗೆ ಅವಳ ಬೇಕುಗಳು ಮುಗಿದವೆಂದೇ ಅವನು ನಂಬಿದ್ದ.

ಬೇರೆ ಯಾರೋ ಇರಬೇಕು. ಜಗತ್ತಿನಲ್ಲಿ ಕೆಲಸವಿಲ್ಲದ ಹೆಂಗಸರಿಗೇನು ಬರವೇ? ಪೆಟ್ಟಿಗೆ ಎತ್ತಿಕೊಂಡು, "ಹೊರಡ್ತೀನಿ" ಎಂದು ಮೆಟ್ಟಿಲಿಳಿಯುವಾಗ ಇವತ್ತು ಯಾವ ವಾರವೆಂದು ನೆನೆಯಬಾರದೆಂದುಕೊಂಡ. ಅಂದುಕೊಂಡ ಮೇಲೆ ನೆನೆಯದೆ ಇರುವುದು ಹೇಗೆ? ಮಧ್ಯದ ಮಹಡಿಯಲ್ಲಿ ಮನೆಬಳಕೆಯ ಸಾಮಾನಿನ ವಿಭಾಗ. ನೇರ ಕೆಳಗಿಳಿದು ಬಾಗಿಲು ದಾಟಬಹುದಿತ್ತು. ಅವನ ಕಾಲು ಆ ಕಡೆ ತಿರುಗಿತು. ಸೋಪಿನ, ಹೊಸ ಪ್ಲಾಸ್ಟಿಕ್ಕಿನ, ಯಾರೂ ಬಳಸದ ಬಟ್ಟೆಯ ವಾಸನೆ. ದುಡ್ಡು ಸುರಿಯಲು ಬಂದವರ ಹಿಂಡು. ಒಬ್ಬ ದಡೂತಿ ಮನುಷ್ಯ ಒಂದೇ ಬಗೆಯ ಎರಡು ಕಸದ ಬುಟ್ಟಿಗಳ ಮುಂದೆ ಮದುವೆಗೆ ಹೆಣ್ಣು ಆರಿಸುವವನ ಹಾಗೆ ತಲೆಯ ಮೇಲೆ ಕೈಹೊತ್ತು ನಿಂತಿದ್ದ. ಕಸ ಹಾಕಲು ಇಷ್ಟು ಚಿಂತೆ! ಆ ದಡೂತಿಯ ಪಕ್ಕದ ಸಾಲಿನಲ್ಲಿ, ಬೆನ್ನು ಈ ಕಡೆ ಮಾಡಿಕೊಂಡು, ತನ್ನ ಹೆಂಡತಿ ನಿಂತಿದ್ದಳು.

ಬೆನ್ನಿನಿಂದಲೇ ಗುರುತು ಸಿಕ್ಕಿತು. ಆದರೆ ಮನೆಯಲ್ಲಿ ಕಾಣುವ ಬೆನ್ನಲ್ಲ ಅದು. ಮನೆಯಲ್ಲಿ ಅವಳು ಸ್ವಲ್ಪ ಬಾಗಿರುತ್ತಾಳೆ, ಏನನ್ನೋ ಹುಡುಕುತ್ತಿರುವಂತೆ. ಇಲ್ಲಿ ನೆಟ್ಟಗಿದ್ದಳು. ಗಾಡಿ ಬಹುಪಾಲು ಖಾಲಿಯಾಗಿತ್ತು. ವಾಪಸ್ಸಿಡುವ ಕೆಲಸ ಮುಗಿಯುತ್ತ ಬಂದಿದೆ ಎಂದು ಅವನಿಗೆ ಅರ್ಥವಾಯಿತು. ನೀಲಿ ಅಂಚಿನ ಬಟ್ಟಲೊಂದನ್ನು ಎತ್ತಿ ಹಿಡಿದು ಅವಳು ತುಟಿಯೊಳಗೇ ಹೇಳುತ್ತಿದ್ದದ್ದು ಸಾಲಿನ ಈ ತುದಿಗೂ ಕೇಳಿಸಿತು: "ಇದು ನಮಗೆ ಯಾಕೆ ಬೇಕು? ಇರೋದು ಒಡೆದಿಲ್ಲವಲ್ಲ." ಅವನ ಧಾಟಿ, ಅವನ ಎಳೆತ. 'ಇಲ್ಲವಲ್ಲ' ಎನ್ನುವಾಗ ಗಲ್ಲವನ್ನು ಸ್ವಲ್ಪ ಮೇಲೆತ್ತುವುದೂ ಅವನದೇ. ತಾನು ಹೀಗೆ ಕಾಣುತ್ತೇನೆಯೇ ಎಂದು ಅವನಿಗೆ ಹೇಸಿಗೆಯಾಯಿತು. ಬಟ್ಟಲು ಜಾಗಕ್ಕೆ ಹೋಯಿತು. ಗಾಡಿಯಲ್ಲಿ ಉಳಿದದ್ದು ಒಂದು ಟವೆಲು, ದಪ್ಪನೆಯದು, ಹಾಲಿನ ಕೆನೆಯ ಬಣ್ಣದ್ದು. ಅದನ್ನೆತ್ತಿಕೊಂಡು ಅವಳು ಏನನ್ನೂ ಕೇಳಲಿಲ್ಲ. ಆಚೆ ಈಚೆ ನೋಡಿದಳು, ಎರಡೂ ಕೈಯಲ್ಲಿ ಮುಖಕ್ಕೆ ಒತ್ತಿಕೊಂಡಳು, ಹಾಗೇ ನಿಂತಳು. ಮನೆಯಲ್ಲಿ ಅವರ ಟವೆಲುಗಳು ಬೆಳಕಿಗೆ ಹಿಡಿದರೆ ಆಚೆ ಬದಿಯ ಕಿಟಕಿ ಕಾಣುವಷ್ಟು ತೆಳ್ಳಗಾಗಿದ್ದವು, ಅದಕ್ಕೂ ಅವನಲ್ಲಿ ಕಾರಣವಿತ್ತು, ಬೇಗ ಒಣಗುತ್ತವೆ. ಅವಳ ಭುಜಗಳು ಇಳಿದವು. ಅವಳು ಅಳುತ್ತಿರಲಿಲ್ಲ. ಅಳುತ್ತಿದ್ದರೆ ಎಷ್ಟೋ ವಾಸಿಯಾಗಿತ್ತು, ಸಂಕಟವೆಂದು ಹೆಸರಿಟ್ಟು ಸುಮ್ಮನಾಗಬಹುದಿತ್ತು. ಅವಳು ಸುಖವಾಗಿದ್ದಳು. ಅವನು ಹತ್ತಿರಕ್ಕೆ ಹೋಗಿ ಹೆಗಲು ಮುಟ್ಟಬೇಕೆಂದು ಒಂದು ಹೆಜ್ಜೆ ಮುಂದಿಟ್ಟ, ನಿಜವಾಗಿಯೂ ಇಟ್ಟ.

ಅಷ್ಟರಲ್ಲಿ ಆ ವಿಭಾಗದ ಮಾರಾಟದ ಹುಡುಗಿ ದಾಪುಗಾಲಿಟ್ಟು ಬಂದಳು. "ಏನಮ್ಮಾ ಇದು? ಇವತ್ತು ಸಿಕ್ಕಿಬಿದ್ರಿ ನೋಡಿ. ಮುಖ ಒರೆಸ್ಕೊಳ್ಳಕ್ಕೆ ನಮ್ಮ ಅಂಗ್ಡೀನೇ ಬೇಕಾ ನಿಮ್ಗೆ?" ಹುಡುಗಿಯ ದನಿ ದೊಡ್ಡದು. ಕಸದ ಬುಟ್ಟಿಯ ದಡೂತಿ ತಿರುಗಿ ನೋಡಿದ, ಇನ್ನಿಬ್ಬರು ನಿಂತರು. ಅವನು ಹಿಂದೆ ಸರಿದ. ಬೆನ್ನಿಗೆ ತಗುಲಿದ್ದು ಕಾಲೊರಸುಗಳನ್ನು ನೇತುಹಾಕಿದ ಸ್ಟ್ಯಾಂಡು. ಯೋಚಿಸುವ ಮೊದಲೇ ಅದರ ಹಿಂದೆ ಹೋಗಿ, ಪೆಟ್ಟಿಗೆ ಪಕ್ಕಕ್ಕಿಟ್ಟು, ಕುಕ್ಕರಗಾಲಲ್ಲಿ ಕೂತುಬಿಟ್ಟಿದ್ದ. ಕೂತ ಮೇಲೆ ಕಾರಣಗಳು ಒಂದೊಂದಾಗಿ ತಾವಾಗಿಯೇ ಬಂದವು, ಕಾರಣಗಳಿಗೆ ಅವನಲ್ಲಿ ಎಂದೂ ಬಡತನವಿರಲಿಲ್ಲ. ಈಗ ಎದ್ದರೆ ಇಲಾಖೆಯ ಹೆಸರು ಕೆಡುತ್ತದೆ. ಮ್ಯಾನೇಜರಿನ ಕೈಗೆ ಒಂದು ಹಿಡಿ ಸಿಗುತ್ತದೆ, ನಾಳೆ ತಕ್ಕಡಿ ತಪ್ಪಿದ್ದರೂ ತಾನು ಬಾಯಿ ಬಿಡುವ ಹಾಗಿರುವುದಿಲ್ಲ. ಅವಳಿಗೂ ಅವಮಾನ, ಗಂಡನ ಕಣ್ಣೆದುರೇ ಹೀಗಾಯಿತೆಂದು. ಅವಳ ಒಳ್ಳೆಯದಕ್ಕೇ ಕೂತಿದ್ದೇನೆ. ಇಷ್ಟನ್ನೂ ಅವನು ಕಾಲೊರಸುಗಳ ಒರಟು ರೋಮಕ್ಕೆ ಮೂಗು ತಾಗಿಸಿಕೊಂಡು ಯೋಚಿಸಿದ, ಬಾಲ ಮುದುರಿದ ನಾಯಿಯ ಹಾಗೆ.

"ಒರೆಸ್ಕೊಳ್ಲಿಲ್ಲ, ಸುಮ್ನೆ ಮುಟ್ಟಿ ನೋಡಿದೆ" ಎಂದಳು ಅವಳು.

"ವಾರವಾರ ಮುಟ್ಟಿ ನೋಡೋರು ಒಂದಿನ ಏನಾದ್ರೂ ಚೀಲಕ್ಕೆ ಹಾಕ್ಕೊಂಡು ಹೋದ್ರೆ? ಬ್ಯಾಗ್ ತೋರ್ಸಿ."

ತೋರಿಸುವ ಮೊದಲೇ ಹುಡುಗಿ ಬ್ಯಾಗನ್ನು ಎಳೆದಿರಬೇಕು. ಚೆಲ್ಲಿದ ಸದ್ದು ಕೇಳಿಸಿತು. ಬಾಚಣಿಗೆ, ನೀರಿನ ಬಾಟಲಿ, ಮಡಿಸಿ ಇಟ್ಟ ಹಳೆಯ ಪ್ಲಾಸ್ಟಿಕ್ ಚೀಲಗಳು, ಹಳೆ ಬಸ್ ಟಿಕೆಟ್ಟುಗಳ ಸುರುಳಿ, ಅದರ ಹಿಂಬದಿಯಲ್ಲಿ ಅವರು ಸಾಮಾನು ಬರೆದುಕೊಳ್ಳುತ್ತಿದ್ದರು. ಮನೆಯ ಬೀಗದ ಕೈ ಮಾತ್ರ ನಯವಾದ ನೆಲದ ಮೇಲೆ ಜಾರುತ್ತ ಜಾರುತ್ತ ಸ್ಟ್ಯಾಂಡಿನ ಅಡಿಗೇ ಬಂದು ಅವನ ಎಡ ಬೂಟಿನ ಮುಂದೆ ನಿಂತಿತು. ಅದರಂಥದೇ ಇನ್ನೊಂದು ಅವನ ಜೇಬಿನಲ್ಲಿತ್ತು. ಅವಳು ಮಂಡಿಯೂರಿ ಎಲ್ಲವನ್ನೂ ಹೆಕ್ಕಿದಳು, ಕೊನೆಗೆ ಸ್ಟ್ಯಾಂಡಿನ ಕೆಳಗೆ ಕೈ ಚಾಚಿದಳು. ಬೆರಳಿನ ಮೇಲಿದ್ದ ಎಣ್ಣೆ ಸಿಡಿದ ಗುರುತು ಅಷ್ಟು ಹತ್ತಿರದಲ್ಲಿ ಕಂಡಿತು. ಕೈ ಒಂದು ಕ್ಷಣ ನಿಂತಿತು. ಅವಳು ಬೀಗದ ಕೈ ತೆಗೆದುಕೊಂಡಳು, ಕೈ ಹಿಂದಕ್ಕೆ ಹೋಯಿತು. ನೋಡಲಿಲ್ಲ, ಎಂದುಕೊಂಡ. ನೋಡಿದ್ದರೂ ಏನು, ಯಾರದೋ ಬೂಟು. ಬೂಟಿಗೆ ಮುಖವಿರುತ್ತದೆಯೇ?

ಮ್ಯಾನೇಜರಿನ ದನಿ ಕೇಳಿಸಿತು. ಮೇಲೆ ತನ್ನೊಂದಿಗೆ ಅಷ್ಟು ವಿನಯದಲ್ಲಿ ಮಾತಾಡಿದ ದನಿಯೇ ಇದು ಎಂದು ನಂಬುವುದು ಕಷ್ಟವಾಗಿತ್ತು. "ನೋಡಿ ಮೇಡಂ, ಏನೂ ಸಿಕ್ಕಿಲ್ಲ ಅಂತ ಬಿಡ್ತಿದೀನಿ. ನೀವು ತಗೊಳ್ಳಲ್ಲ, ತಗೊಳ್ಳೋರಿಗೂ ಬಿಡಲ್ಲ. ಜೊತೇಲಿ ಯಾರಿದಾರೆ?"

"ಯಾರೂ ಇಲ್ಲ. ನಾನೊಬ್ಳೇ."

"ಮನೆಯವ್ರ ನಂಬರ್ ಕೊಡಿ, ಅವ್ರಿಗೊಂದು ಮಾತು ಹೇಳ್ತೀನಿ."

ಅವನ ಫೋನು ಅಂಗಿಯ ಜೇಬಿನಲ್ಲಿ ಎದೆಗೆ ಒತ್ತಿಕೊಂಡಿತ್ತು. "ಮನೆಯವ್ರು ಊರಲ್ಲಿಲ್ಲ" ಎಂದಳು.

ಅವನ ಮೈಯಿಡೀ ಹಗುರಾಯಿತು. ಅಷ್ಟು ನಿರಾಳ ಅವನಿಗೆ ಎಷ್ಟೋ ವರ್ಷದಿಂದ ಆಗಿರಲಿಲ್ಲ, ಅದು ಅವನಿಗೇ ಗೊತ್ತಾಗಿ ನಾಚಿಕೆಯೂ ಆಯಿತು. ಜಾಣೆ, ಎಂದುಕೊಂಡ. ತಾನಿರುವುದು ತಿಳಿಯದೆಯೇ ತನ್ನನ್ನು ಉಳಿಸಿದಳು. ಇನ್ನು ಈ ಕಡೆ ಬರಬೇಡಿ ಎಂದ ಮ್ಯಾನೇಜರು. ಬರಲ್ಲ ಎಂದಳು ಅವಳು. ಹೋಗುವ ಮೊದಲು ಆ ಟವೆಲನ್ನು ಮಡಿಸಿ, ತೆಗೆದ ಜಾಗದಲ್ಲೇ ಇಟ್ಟು, ಅಂಚಿಗೆ ಅಂಚು ಕೂಡಿಸಿ ಅಂಗೈಯಲ್ಲಿ ಒಮ್ಮೆ ಸವರಿದ್ದನ್ನು ಅವನು ಕಾಲೊರಸುಗಳ ಸಂದಿಯಿಂದ ನೋಡಿದ. ಅವಳ ಚಪ್ಪಲಿಯ ಸದ್ದು ಮೆಟ್ಟಿಲಿಳಿದು ಮುಗಿಯುವವರೆಗೂ ಏಳಲಿಲ್ಲ. ಎದ್ದಾಗ ಎಡಗಾಲಿನ ಬೆರಳ ಬಳಿ ಏನೋ ಟಪ್ಪೆಂದಿತು. ಅದನ್ನು ನೋಡುವಷ್ಟು ವ್ಯವಧಾನ ಆಗ ಅವನಿಗಿರಲಿಲ್ಲ.

ಆಮೇಲೆ ನಡೆದದ್ದನ್ನು ಅವನು ಬಸ್ ಸ್ಟಾಪಿನಲ್ಲಿ ಕೂತು ಮತ್ತೆ ಮತ್ತೆ ಬೇರೆ ರೀತಿಯಲ್ಲಿ ಮನಸ್ಸಿನಲ್ಲೇ ನಡೆಸಿ ನೋಡಿದ. ಟವೆಲನ್ನು ಕೊಳ್ಳುತ್ತೇನೆ ಎಂದುಕೊಂಡದ್ದು ನಿಜ. ಪೂರ್ತಿ ಬೆಲೆ ಕೊಟ್ಟು, ಒಂದು ಮಾತೂ ಆಡದೆ, ಹೆಸರಿಡದ ಡಬ್ಬಿಯ ಲೆಕ್ಕದಲ್ಲಿ ಕೊಳ್ಳುತ್ತೇನೆ ಎಂದುಕೊಂಡದ್ದೂ ನಿಜ. ಆ ಡಬ್ಬಿಗೆ ಹೆಸರಿಡದೇ ಇದ್ದದ್ದು ಬಹುಶಃ ಇದಕ್ಕೇ ಇರಬೇಕೆಂದು ಕಣ್ಣು ತುಂಬಿಬಂದದ್ದೂ ನಿಜವೇ. ರಾಶಿಯ ಮೇಲಿನದನ್ನೇ, ಅವಳು ಸವರಿದ್ದನ್ನೇ ಎತ್ತಿಕೊಂಡ. ಅದರ ಭಾರಕ್ಕೆ ಅಚ್ಚರಿಯಾಯಿತು. ಬೆಲೆಯ ಚೀಟಿ ತಿರುಗಿಸಿ ನೋಡಿದ. ಅಲ್ಲಿಗೆ ಕಣ್ಣೀರು ನಿಂತಿತು. ಹುಡುಗಿಯ ಮುಂದೆ ಹೋಗಿ ನಿಂತಾಗ ನಾಲಿಗೆ ಅವನನ್ನು ಕೇಳದೆ ಮುಂದಕ್ಕೆ ಓಡಿತು.

"ಇದು ಆಗ ಆ ಹೆಂಗಸು ಮುಖಕ್ಕೆ ಒತ್ಕೊಂಡಿದ್ದಲ್ವಾ? ಇದಕ್ಕೆ ಪೂರ್ತಿ ಬೆಲೆ ಹೇಗೆ ತಗೋತೀರಿ?"

ಹುಡುಗಿ ಅವನನ್ನು, ಅವನ ಪೆಟ್ಟಿಗೆಯನ್ನು ನೋಡಿದಳು. "ಬೇರೆ ಕೊಡ್ತೀನಿ ಸಾರ್, ಒಳಗೆ ಹೊಸದಿದೆ."

"ಬೇಡ, ಇದೇ ಇರ್ಲಿ. ಡ್ಯಾಮೇಜ್ ಅಂತ ಹಾಕಿ ಕೊಡಿ. ಯಾರೋ ಮುಖ ಒರೆಸಿದ್ದನ್ನ ಇನ್ಯಾರು ತಗೋತಾರೆ ಹೇಳಿ?"

ಇದು ಲಂಚವಲ್ಲ, ದೋಷಕ್ಕೆ ತಕ್ಕ ರಿಯಾಯಿತಿ ಎಂದು ಅಲ್ಲೇ ತನಗೆ ತಾನೇ ಹೇಳಿಕೊಂಡ. ಹುಡುಗಿ ಹಾಳಾದ ಮಾಲಿಗೆ ಹಚ್ಚುವ ಕೆಂಪು ಚೀಟಿಯನ್ನು ತಂದು ಟವೆಲಿನ ಮೂಲೆಗೆ ಅಂಟಿಸಿದಳು. ಅಂಟಿಸುವಾಗ ಅವಳ ತುಟಿಯ ಕೊನೆ ಕೊಂಕಿತು. ಆ ಕೊಂಕು ಅವನಿಗೆ ಚೆನ್ನಾಗಿ ಪರಿಚಯವಿತ್ತು. ಬೆಳಿಗ್ಗೆಯಿಂದ ಊರಿನವರ ಮೇಲೆಲ್ಲ ಅವನು ಹಾಯಿಸುತ್ತಿದ್ದದ್ದೂ ಅದನ್ನೇ. ಬಿಲ್ಲು ಕಟ್ಟುವಾಗ, ಇಷ್ಟೆಲ್ಲ ಆದ ಮೇಲೂ, ಉಳಿದ ದುಡ್ಡನ್ನು ನೆನೆದು ಅವನಿಗೆ ಒಳಗೊಳಗೇ ಖುಷಿಯಾಯಿತು. ಎಂಥ ಮನುಷ್ಯ ಇವನು! ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಉಗುರಿನಿಂದ ಆ ಚೀಟಿಯನ್ನು ಕೆರೆದು ಕೆರೆದು ನೋಡಿದ. ಒಳ್ಳೆಯ ಅಂಟು. ಅರ್ಧ ಹರಿದು ಅರ್ಧ ಉಳಿಯಿತು, ಉಳಿದ ಅರ್ಧದಲ್ಲಿ ಕೆಂಪು ಇನ್ನಷ್ಟು ಎದ್ದು ಕಂಡಿತು. ಪಕ್ಕದಲ್ಲಿ ಕೂತಿದ್ದ ಮುದುಕಿ, "ಬಿಸಿನೀರು ಹಾಕಿದ್ರೆ ಹೋಗತ್ತಪ್ಪಾ" ಎಂದಳು. ಅವನು ಟವೆಲನ್ನು ಚೀಲಕ್ಕೆ ತುರುಕಿದ. ಎರಡು ಬಸ್ಸುಗಳನ್ನು ಸುಮ್ಮನೆ ಬಿಟ್ಟ. ಇದನ್ನು ಅವಳ ಕೈಗೆ ಕೊಟ್ಟರೆ ಅವಳ ಮುಖ ಹೇಗಾಗಬಹುದು? ತಾನು ಮುಟ್ಟಿದ್ದೇ ತನ್ನ ಮನೆಗೆ ಬಂದದ್ದನ್ನು ಕಂಡು ಚಕಿತಳಾಗುತ್ತಾಳೆ, ಕಾಕತಾಳೀಯವೆಂದು ಒಳಗೇ ಹಿಗ್ಗುತ್ತಾಳೆ, ಅಂಗಡಿಯ ಸಂಗತಿ ಹೇಳಲಾರಳು, ಹೇಳದೆಯೇ ಟವೆಲನ್ನು ಎದೆಗೆ ಅವಚಿಕೊಳ್ಳುತ್ತಾಳೆ. ತಾನೂ ಹೇಳುವುದಿಲ್ಲ. ಯಾರೂ ಏನೂ ಹೇಳದೆ ಎಲ್ಲವೂ ಸರಿಹೋಗುತ್ತದೆ. ಹೀಗೆ ಅತಿ ಕಡಿಮೆ ಖರ್ಚಿನಲ್ಲಿ ತನ್ನ ಪಾಪ ತೀರುವುದನ್ನು ಕಲ್ಪಿಸಿಕೊಳ್ಳುತ್ತ ಮೂರನೆಯ ಬಸ್ಸು ಹತ್ತಿದ.

ಬಾಗಿಲು ತೆಗೆದಾಗ ಅವಳು ಎಂದಿನ ಹಾಗೇ ಇದ್ದಳು. ಸಂಜೆಯ ಬೆಳಕು ಇನ್ನೂ ಇದ್ದುದರಿಂದ ದೀಪ ಹಚ್ಚಿರಲಿಲ್ಲ, ಅದೂ ಅವನದೇ ನಿಯಮ. ಒಲೆಯ ಮೇಲೆ ಏನೋ ಕುದಿಯುತ್ತಿತ್ತು. "ಇವತ್ತು ತಡ ಆಯ್ತು" ಎಂದಳು. ಅವನು ಹೊಸ್ತಿಲ ಹೊರಗೇ ನಿಂತು ಚೀಲವನ್ನು ಚಾಚಿದ. "ನಿನಗೇ" ಎಂದ. ಆ ಪದ ಅವನ ಬಾಯಲ್ಲಿ ಅವನಿಗೇ ಅಪರಿಚಿತವಾಗಿ ಕೇಳಿಸಿತು.

ಅವಳು ಟವೆಲನ್ನು ಹೊರತೆಗೆದಳು. ಚಕಿತಳಾಗಲಿಲ್ಲ. ತಿರುಗಿಸಿ, ಮೂಲೆಯಲ್ಲಿದ್ದ ಅರ್ಧ ಹರಿದ ಕೆಂಪು ಚೀಟಿಯನ್ನು ಹೆಬ್ಬೆರಳಲ್ಲಿ ಮುಟ್ಟಿ ನೋಡಿದಳು. "ಕಡಿಮೆಗೆ ಬಂತಾ?"

"ಹೂಂ. ತುಂಬಾ ಕಡಿಮೆಗೆ."

"ಯಾಕೆ ಕಡಿಮೆಗೆ ಬಂತು?"

ಹೊಸ್ತಿಲಲ್ಲಿ ಕೇಳಬೇಕಾದ ಪ್ರಶ್ನೆ ಅದು. ಅವನೇ ಕಲಿಸಿದ್ದು, ಇಷ್ಟು ವರ್ಷ ಅವನೇ ಕೇಳುತ್ತ ಬಂದದ್ದು. ಹೇಳಲು ನೂರು ಸುಳ್ಳುಗಳಿದ್ದವು, ಬಣ್ಣ ಬಿಟ್ಟಿದೆ, ನೂಲು ಎದ್ದಿದೆ, ಹಳೆಯ ಮಾಲು. ಆದರೆ ಕಡಿಮೆಗೆ ತಂದದ್ದರ ಕಾರಣ ಹೇಳುವಾಗ ಬರುವ ಒಂದು ಉತ್ಸಾಹವಿತ್ತಲ್ಲ, ವರ್ಷಗಟ್ಟಲೆ ಇದೇ ಬಾಗಿಲಲ್ಲಿ ನಿಂತು ರೂಢಿಯಾದದ್ದು, ಅದು ಅವನನ್ನು ದಾಟಿಕೊಂಡು ಬಂದುಬಿಟ್ಟಿತು. "ಏನಿಲ್ಲ, ಯಾರೋ ಹೆಂಗಸು ಮುಖ ಒರೆಸಿಬಿಟ್ಟಿದ್ಲು. ಅದನ್ನೇ ಹಿಡಿದು ಇಳಿಸಿದೆ."

"ಯಾರೋ?"

ಇನ್ನೂ ದಾರಿಯಿತ್ತು. ಆ ಒಂದು ಪದದ ಪ್ರಶ್ನೆಯಲ್ಲಿ ಅವಳು ಬಾಗಿಲನ್ನು ತೆರೆದು ಹಿಡಿದು ನಿಂತಿದ್ದಳು ಎಂದು ಅವನಿಗೆ ಆಮೇಲೆ ಹೊಳೆಯಿತು. ಆಗ ಹೊಳೆಯಲಿಲ್ಲ.

"ಯಾರೋ" ಎಂದ. "ನಂಗೇನ್ ಗೊತ್ತು."

ಅವಳು ತಲೆಯಾಡಿಸಿದಳು. ಟವೆಲನ್ನು ಒಮ್ಮೆ ಕೊಡವಿ ಪೂರ್ತಿ ಬಿಚ್ಚಿದಳು. ಬಿಚ್ಚಿದಾಗ ಅದು ಆ ಸಣ್ಣ ಕೋಣೆಯಲ್ಲಿ ಇನ್ನೂ ದೊಡ್ಡದಾಗಿ, ಇನ್ನೂ ಬೆಳ್ಳಗೆ ಕಂಡಿತು. ಆಮೇಲೆ ಎರಡಾಗಿ ಮಡಿಸಿ, ಬಗ್ಗಿ, ಹೊಸ್ತಿಲಿನ ಒಳಗಡೆ ನೆಲದ ಮೇಲೆ ಹಾಸಿದಳು. ಅಂಚಿಗೆ ಅಂಚು ಕೂಡಿಸಿ ಅಂಗೈಯಲ್ಲಿ ಸವರಿದಳು.

"ಯಾರೋ ಒರೆಸಿದ್ದರಲ್ಲಿ ನಾನು ಯಾಕೆ ಮುಖ ಒರೆಸ್ಕೊಳ್ಲಿ? ಕಾಲಿಗೆ ಆಗತ್ತೆ. ಬೂಟು ಬಿಚ್ಚಿ."

ಅವನು ಬಗ್ಗಿದ. ಎಡಗಾಲಿನ ಬೂಟಿನಲ್ಲಿ ಬೆರಳ ಬಳಿ ಹೊಲಿಗೆ ಕಿತ್ತು, ಅಟ್ಟೆ ಬಾಯಿಬಿಟ್ಟು, ಕಂದು ದಾರದ ಎಳೆ ಹೊರಕ್ಕೆ ಜೋತಾಡುತ್ತಿತ್ತು. ಬೆಳಿಗ್ಗೆಯಿಂದ ಎಲ್ಲರಿಗೂ ತೋರಿಸಿಕೊಂಡು ಬಂದಿದ್ದ ಬೂಟನ್ನು ಈಗ ಮುಚ್ಚಿಡಲು ಅವನಿಗೆ ಜಾಗ ಸಿಗಲಿಲ್ಲ. ಅವಳು ಕೈ ಚಾಚಿ ಇಸಕೊಂಡಳು, ಬೆಳಕಿನ ಕಡೆ ತಿರುಗಿಸಿ ಹೊಲಿಗೆಯನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಬೆಳಿಗ್ಗೆ ಅವನು ಊರಿನ ಮೇಲೆ ಹೊತ್ತುಕೊಂಡು ತಿರುಗಿದ ತಣ್ಣಗಿನ ತಾತ್ಸಾರವೇ ಅಲ್ಲಿತ್ತು, ಖರ್ಚಿಲ್ಲದ್ದು.

"ಇದು ಹಾಕ್ಕೊಂಡು ಕುಕ್ಕರಗಾಲಲ್ಲಿ ಕೂರಬೇಡಿ ಅಂತ ಹೇಳಿರ್ಲಿಲ್ವಾ?" ಎಂದಳು. ದಬ್ಬಳ ಹುಡುಕುತ್ತ ಒಳಗೆ ಹೋದಳು. ಹೋಗುತ್ತ, "ಕಾಲು ಒರೆಸ್ಕೊಂಡು ಬನ್ನಿ" ಎಂದಳು.

ಅವನು ಹೊಸ್ತಿಲ ಹೊರಗೆ ನಿಂತೇ ಇದ್ದ. ದಾಟಿ ಹೋಗುವಷ್ಟು ಅಗಲದ ಹೆಜ್ಜೆ ಸಾಧ್ಯವಿರಲಿಲ್ಲ, ಟವೆಲು ಬಾಗಿಲನ್ನು ತುಂಬಿಕೊಂಡಿತ್ತು. ಒಳಗೆ ಹೊಲಿಗೆ ಪೆಟ್ಟಿಗೆಯಲ್ಲಿ ಅವಳು ದಾರ ಹುಡುಕುವ ಸದ್ದು ಕೇಳಿಸುತ್ತಿತ್ತು. ಕೊನೆಗೆ ಬಲಗಾಲಿಟ್ಟ, ಎಡಗಾಲಿಟ್ಟ. ಕಾಲುಚೀಲದ ತೂತಿನಿಂದ ಹೊರಬಂದಿದ್ದ ಹೆಬ್ಬೆರಳು ಅದರಲ್ಲಿ ಹುಗಿದುಕೊಂಡಿತು. ಅದು ಅಷ್ಟು ಮೆತ್ತಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.